ಜೇನು ತಿಂದರೆ ಸೀನು ನಿಲ್ಲುತ್ತಾ?

ಮಳೆಗಾಲ ಮುಗಿದು ಬಿಸಿಲು ಬಿದ್ದರೆ ಸಾಕು, ಬೆಳಗ್ಗೆ ಎದ್ದ ಕೂಡಲೇ ನನಗೆ ಸೀನು ಶುರು. ಕಣ್ಣು ತುರಿಕೆ, ಮೂಗಲ್ಲಿ ನೀರು. ಹೋದ ಸಲ ಊರಿಂದ ಬಂದ ಚಿಕ್ಕಮ್ಮ ಒಂದು ಬಾಟಲಿ ತುಡುವೆ ಜೇನು ಕೈಗಿಟ್ಟು, "ದಿನಾ ಒಂದು ಚಮಚ ತಿನ್ನು, ಹೂವಿನ ಪರಾಗ ಇದರಲ್ಲೇ ಇರುತ್ತೆ, ಮೈಗೆ ಒಗ್ಗಿಹೋಗುತ್ತೆ" ಅಂದರು.

ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ಲಂಡನ್ನಿನ ವೈದ್ಯ ಲಿಯೊನಾರ್ಡ್ ನೂನ್ 1911ರಲ್ಲೇ ಹುಲ್ಲಿನ ಪರಾಗದ ಸಾರವನ್ನು ರೋಗಿಗಳಿಗೆ ಸ್ವಲ್ಪ ಸ್ವಲ್ಪವಾಗಿ ಚುಚ್ಚಿ, ಪ್ರಮಾಣ ಏರಿಸುತ್ತಾ ಹೋಗಿ, ಅಲರ್ಜಿ ತಗ್ಗೋದನ್ನು ತೋರಿಸಿದ್ದರು. ಇವತ್ತಿನ ಅಲರ್ಜಿ ಇಂಜೆಕ್ಷನ್ ಬಂದಿದ್ದೂ ಅದೇ ದಾರಿಯಲ್ಲಿ.

ಆದರೆ ಜೇನಿನಲ್ಲಿರೋದು ಯಾವ ಪರಾಗ? ಜೇನುನೊಣ ಹೋಗೋದು ಮಕರಂದ ಇರೋ ಹೂವಿಗೆ. ಆ ಪರಾಗ ಅಂಟಂಟು, ಭಾರ, ನೊಣದ ಮೈಗೆ ಹತ್ತಿಕೊಂಡು ಹೋಗೋಕೆ ಅಂತಲೇ ಇರೋದು. ನಮ್ಮನ್ನು ಜಾಸ್ತಿ ಸೀನಿಸೋದು ಹುಲ್ಲಿನಂಥ ಗಿಡಗಳ ಪರಾಗ: ಒಣ, ಹಗುರ, ಗಾಳಿಯಲ್ಲಿ ತೇಲಿ ಸೀದಾ ಮೂಗಿಗೇ ಬರುತ್ತದೆ. ಅದಕ್ಕೆ ನೊಣದ ಹಂಗೇ ಇಲ್ಲ. ಬೆಂಗಳೂರಿನ ಕಡೆ ಕಾಟ ಕೊಡೋ ಕಾಂಗ್ರೆಸ್ ಗಿಡದ ಹೂವಿಗೆ ಜೇನುನೊಣ ಹೋಗೋದುಂಟು, ನಿಜ, ಆದರೆ ನಿಮ್ಮ ಚಮಚದಲ್ಲಿ ಅದರ ಪರಾಗ ಎಷ್ಟಿದೆ ಅಂತ ಅಳೆದವರು ಯಾರು? ಇಂಜೆಕ್ಷನ್‌ನಲ್ಲಿ ಆ ಅಳತೆಯೇ ಮುಖ್ಯ.

ಅಮೆರಿಕದ ಕನೆಕ್ಟಿಕಟ್‌ನಲ್ಲಿ ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅದು 2002ರಲ್ಲಿ ಪ್ರಕಟವಾಯಿತು. ಅಲರ್ಜಿ ಇರುವ 36 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಸುತ್ತಮುತ್ತಲಿನ ಹಸಿ ಜೇನು, ಇನ್ನೊಂದಕ್ಕೆ ಕಾಯಿಸಿ ಸೋಸಿದ ಜೇನು, ಮೂರನೆಯದಕ್ಕೆ ಜೇನಿನ ರುಚಿ ಬೆರೆಸಿದ ಮೆಕ್ಕೆಜೋಳದ ಸಿರಪ್, ದಿನಕ್ಕೊಂದು ದೊಡ್ಡ ಚಮಚ ಕೊಟ್ಟರು. ಜೇನು ತಿಂದವರಿಗೆ ಸಿರಪ್ ಕುಡಿದವರಿಗಿಂತ ಹೆಚ್ಚೇನೂ ಆರಾಮ ಸಿಗಲಿಲ್ಲ. ಫಿನ್‌ಲೆಂಡಿನಲ್ಲಿ ಮುಂದೆ 44 ಜನರ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ ಒಂದಷ್ಟು ಗುಣ ಕಂಡಿತ್ತು, ಆದರೆ ಅಲ್ಲಿ ಕೊಟ್ಟಿದ್ದು ಬರ್ಚ್ ಮರದ ಪರಾಗವನ್ನು ಬೇಕೆಂದೇ ಬೆರೆಸಿದ ಜೇನು. ಗೂಡಿಂದ ಇಳಿಸಿದ ಜೇನಿಗೂ ಅದಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ?

ಹಾಗಂತ ನಾನು ಚಿಕ್ಕಮ್ಮನ ಬಾಟಲಿ ಎತ್ತಿಟ್ಟಿಲ್ಲ. ದೋಸೆಗೆ ಹಾಕಿಕೊಳ್ಳುತ್ತೇನೆ, ಕೆಮ್ಮು ಬಂದಾಗ ಒಂದು ಚಮಚ ನೆಕ್ಕುತ್ತೇನೆ, ಗಂಟಲಿಗೆ ಹಿತ. ಸೀನಿಗೆ ಮಾತ್ರ ಡಾಕ್ಟರ್ ಬರೆದುಕೊಟ್ಟ ಮೂಗಿನ ಸ್ಪ್ರೇ. ಒಂದು ವಿಷಯದಲ್ಲಿ ಮಾತ್ರ ಚಿಕ್ಕಮ್ಮನ ಜೊತೆ ಹಟ ಹಿಡಿದೆ. ತಂಗಿಯ ಎಳೆಗೂಸಿಗೆ ಜೇನು ನೆಕ್ಕಿಸೋಕೆ ಹೊರಟಿದ್ದರು. ಒಂದು ವರ್ಷ ತುಂಬದ ಮಗುವಿಗೆ ಒಂದು ಹನಿಯೂ ಬೇಡ. ಜೇನಿನಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು, ಎಳೆಯ ಕರುಳಲ್ಲಿ ಅವು ಮೊಳೆತು ವಿಷ ಬಿಡುತ್ತವೆ, ಮಗುವಿನ ಕೈಕಾಲು ಸೋತು ಉಸಿರಾಟಕ್ಕೇ ಕಷ್ಟವಾಗುತ್ತದೆ.