ಹೆಂಗಸರ ಎದೆನೋವಿಗೆ ‘ಗ್ಯಾಸ್ಟ್ರಿಕ್’ ಅಂತ ಹೆಸರು ಬಿದ್ದದ್ದು ಹೇಗೆ?

2025ರ ಜೂನ್–ಜುಲೈನಲ್ಲಿ ಹಾಸನದಲ್ಲಿ ಎಲ್ಲಿ ಕೂತರೂ ಹಾರ್ಟ್ ಅಟ್ಯಾಕ್‌ದೇ ಮಾತು. ಬಸ್ ಸ್ಟ್ಯಾಂಡ್‌ನಲ್ಲಿ, ಹೋಟೆಲ್‌ನಲ್ಲಿ, ಮದುವೆ ಮನೆ ಪಂಕ್ತಿಯಲ್ಲಿ. ಎದೆಯಲ್ಲಿ ಒಂಚೂರು ಚುಳಕ್ ಅಂದರೂ ಜನ ಇಸಿಜಿ ಮಾಡಿಸಲು ಓಡುತ್ತಿದ್ದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಉದ್ದದ ಸಾಲು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಆದರೆ ಅಸಹಜ ಏರಿಕೆ ಏನೂ ಕಾಣಲಿಲ್ಲ ಅಂದಿತು. ಆಟೊ, ಟ್ಯಾಕ್ಸಿ ಓಡಿಸುವವರ ಬಗ್ಗೆ ಚರ್ಚೆಯಾಯಿತು. ಜಿಮ್‌ಗೆ ಹೋಗುವ ಹುಡುಗರ ಬಗ್ಗೆಯೂ ಆಯಿತು. ಹೆಂಗಸರ ಬಗ್ಗೆ ಕೇಳಿದ್ದು ಕಡಿಮೆ.

ನನಗೆ ಮಾತ್ರ ನಮ್ಮ ಚಿಕ್ಕಮ್ಮನ ಕಥೆ ನೆನಪಾಗುತ್ತಿತ್ತು. ಅವರದು ಅರಸೀಕೆರೆ ಕಡೆ ಒಂದು ಹಳ್ಳಿ. ಆಗ ವಯಸ್ಸು ಐವತ್ತೆಂಟು. ಎರಡು ದಿನದಿಂದ ವಿಪರೀತ ಸುಸ್ತು, ಮುದ್ದೆ ತಿರುವಲೂ ಕೈಯಲ್ಲಿ ಬಲವಿಲ್ಲ. ಬೆನ್ನಿನ ಮೇಲ್ಭಾಗ ಹಿಡಿದ ಹಾಗೆ, ದವಡೆಯಲ್ಲಿ ಸೆಳೆತ, ಎದೆ ಒಂಥರಾ ಭಾರ. ಜೀರಿಗೆ ಕಷಾಯ ಆಯಿತು. ಓಮದ ನೀರು ಆಯಿತು. ಕ್ಲಿನಿಕ್ಕಿಗೆ ಹೋದರೆ ‘ಗ್ಯಾಸ್ಟ್ರಿಕ್ಕು ಕಣಮ್ಮ, ಟೈಮಿಗೆ ಸರಿಯಾಗಿ ಊಟ ಮಾಡಿ’ ಅಂತ ಮಾತ್ರೆ ಕೊಟ್ಟರು. ಅದರ ಹಿಂದಿನ ವರ್ಷ ಚಿಕ್ಕಪ್ಪ ಎದೆ ಹಿಡಿದುಕೊಂಡು ಹೋದಾಗ ಅದೇ ಕ್ಲಿನಿಕ್‌ನಲ್ಲಿ ಕೂತ ಹತ್ತು ನಿಮಿಷಕ್ಕೆ ಇಸಿಜಿ ತೆಗೆದಿದ್ದರು. ಅವರಿಗೆ ಆಗಿದ್ದು ನಿಜವಾಗಿಯೂ ಗ್ಯಾಸ್! ಚಿಕ್ಕಮ್ಮನ ಇಸಿಜಿ ಆಗಿದ್ದು ಮಾರನೇ ದಿನ, ಹಾಸನದಲ್ಲಿ. ಜೀವ ಉಳಿಯಿತು, ಆದರೆ ಹೃದಯದ ಒಂದು ಭಾಗ ಅಷ್ಟರಲ್ಲಿ ಬಲ ಕಳೆದುಕೊಂಡಿತ್ತು.

ಆ ಡಾಕ್ಟರನ್ನು ಬೈದು ಸುಮ್ಮನಾಗಬಹುದು. ಬೈದದ್ದೂ ಆಯಿತು ಅನ್ನಿ. ಆದರೆ ಈ ತಪ್ಪು ಅರಸೀಕೆರೆಯಲ್ಲಿ ಹುಟ್ಟಿದ್ದಲ್ಲ.

ಹೃದಯದ ನೋವಿಗೆ ‘ಆಂಜೈನಾ’ ಅಂತ ಹೆಸರಿಟ್ಟವರು ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡೆನ್, 1768ರಲ್ಲಿ. ತಾವು ನೋಡಿದ ಸುಮಾರು ನೂರು ರೋಗಿಗಳ ಬಗ್ಗೆ ಮುಂದೆ ಅವರು ಬರೆದರು. ಅದರಲ್ಲಿ ಹೆಂಗಸರು ಮೂರೇ ಜನ. ಉಳಿದವರಲ್ಲಿ ಒಬ್ಬ ಹುಡುಗ ಬಿಟ್ಟರೆ ಎಲ್ಲರೂ ಐವತ್ತರ ಆಸುಪಾಸಿನ ಗಂಡಸರು. ಎದೆನೋವಿನ ಮೊದಲ ಚಿತ್ರ ಹೀಗೆ ಗಂಡಸಿನದಾಯಿತು.

1948ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 5,209 ಜನರನ್ನು ವರ್ಷಾನುಗಟ್ಟಲೆ ಗಮನಿಸುವ ಕೆಲಸ ಶುರುವಾಯಿತು. ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಹೃದಯಕ್ಕೆ ಕುತ್ತು ಅಂತ ಇವತ್ತು ನಾವು ಆಡುವ ಮಾತಿಗೆಲ್ಲ ಬುಡ ಅಲ್ಲೇ ಇದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರೇ. ಆದರೂ ಎಡವಟ್ಟಾಯಿತು. ಎದೆನೋವು ಅಂದ ಹೆಂಗಸರಲ್ಲಿ ಹಾರ್ಟ್ ಅಟ್ಯಾಕ್ ಕಡಿಮೆ ಅನ್ನುವುದು ಮೊದಲ ವರ್ಷಗಳ ಲೆಕ್ಕದಲ್ಲಿ ಕಂಡಿತು. ‘ಹೆಂಗಸರ ಎದೆನೋವಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ’ ಅನ್ನುವ ಭಾವನೆ ಡಾಕ್ಟರುಗಳಲ್ಲಿ ಕೂತುಬಿಟ್ಟಿತು. ಹೆಂಗಸರಿಗೆ ಕಾಯಿಲೆ ಗಂಡಸರಿಗಿಂತ ಸುಮಾರು ಹತ್ತು ವರ್ಷ ತಡವಾಗಿ ಬರುತ್ತದೆ ಅನ್ನುವುದನ್ನು, ಬರುವುದೇ ಇಲ್ಲ ಅಂತ ಓದಿಕೊಂಡರು. 1964ರಲ್ಲಿ ಅಮೆರಿಕದ ಹೃದಯ ಸಂಘದವರು ಹೆಂಗಸರಿಗಾಗಿಯೇ ಒಂದು ಸಮ್ಮೇಳನ ಮಾಡಿದರು. ವಿಷಯ ಏನು ಗೊತ್ತಾ? ಗಂಡನ ಹೃದಯ ನೋಡಿಕೊಳ್ಳುವುದು ಹೇಗೆ!

ಔಷಧಿ ಪರೀಕ್ಷೆಗಳದೂ ಅದೇ ದಾರಿ. ದಿನ ಬಿಟ್ಟು ದಿನ ಆಸ್ಪಿರಿನ್ ನುಂಗಿದರೆ ಆರೋಗ್ಯವಂತರಲ್ಲಿ ಮೊದಲ ಹಾರ್ಟ್ ಅಟ್ಯಾಕ್ ಶೇ 44ರಷ್ಟು ತಗ್ಗುತ್ತದೆ ಅಂತ 1989ರಲ್ಲಿ ದೊಡ್ಡ ಸುದ್ದಿಯಾಯಿತು. ಪರೀಕ್ಷೆಯಲ್ಲಿದ್ದವರು 22,071 ಡಾಕ್ಟರುಗಳು. ಒಬ್ಬ ಹೆಂಗಸೂ ಇರಲಿಲ್ಲ. ಹೆಂಗಸರ ಮೇಲೆ ಅದೇ ತರಹದ ಪರೀಕ್ಷೆ ನಡೆದು ಫಲಿತಾಂಶ ಬಂದದ್ದು 2005ರಲ್ಲಿ. 39,876 ಹೆಂಗಸರು, ಸುಮಾರು ಹತ್ತು ವರ್ಷ. ಪಾರ್ಶ್ವವಾಯು ತುಸು ಕಡಿಮೆಯಾಯಿತು, ಮೊದಲ ಹಾರ್ಟ್ ಅಟ್ಯಾಕ್ ಮಾತ್ರ ಒಟ್ಟಾರೆ ಕಡಿಮೆಯಾಗಲಿಲ್ಲ. ಅದೇ ಮಾತ್ರೆ, ಬೇರೆ ಮೈ. (ಒಮ್ಮೆ ಅಟ್ಯಾಕ್ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಇದನ್ನು ಓದಿ ಮಾತ್ರೆ ಬಿಟ್ಟುಬಿಡಬೇಡಿ ಮತ್ತೆ.)

ಈ ತಾರತಮ್ಯವನ್ನು ನೇರವಾಗಿ ಎತ್ತಿ ಹೇಳಿದವರು ಹೃದ್ರೋಗ ತಜ್ಞೆ ಬರ್ನಡೀನ್ ಹೀಲಿ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಮೊದಲ ಮಹಿಳಾ ಮುಖ್ಯಸ್ಥೆಯಾದವರು. ಓದುವ ಆಸೆಗೆ ಗಂಡು ವೇಷ ಹಾಕಿದ ಕಥೆಯ ಹುಡುಗಿ ಯೆಂಟಲ್. ಅವಳ ಹೆಸರನ್ನೇ ಹೀಲಿ ಈ ಸಮಸ್ಯೆಗೆ ಇಟ್ಟರು. ತನ್ನ ಕಾಯಿಲೆ ಗಂಡಸಿನದರ ಹಾಗೇ ಇದೆ ಅಂತ ತೋರಿಸಿಕೊಡುವ ತನಕ ಹೆಣ್ಣಿಗೆ ಸರಿಯಾದ ಚಿಕಿತ್ಸೆ ಸಿಗುವುದಿಲ್ಲ ಅನ್ನುವುದು ಅವರ ಮಾತು. ಮುಟ್ಟು ನಿಂತವರಿಗೆ ಹಾರ್ಮೋನ್ ಮಾತ್ರೆ ಕೊಟ್ಟರೆ ಹೃದಯ ಉಳಿಯುತ್ತದೆ ಅನ್ನುವ ನಂಬಿಕೆಯನ್ನೂ ಅವರ ಕಾಲದಲ್ಲೇ ಪರೀಕ್ಷೆಗೆ ಹಚ್ಚಿದರು. 2002ರಲ್ಲಿ ಆ ಪರೀಕ್ಷೆಯ ಒಂದು ಭಾಗವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಮಾತ್ರೆಯಿಂದ ಲಾಭಕ್ಕಿಂತ ಹಾನಿಯೇ ಜಾಸ್ತಿ ಕಂಡಿತ್ತು.

ನಮ್ಮ ಕಡೆಗೆ ಹೆಚ್ಚು ಹತ್ತಿರದ ಅಧ್ಯಯನ ಅಂದರೆ 2004ರ ಇಂಟರ್‌ಹಾರ್ಟ್. 52 ದೇಶಗಳ ಲೆಕ್ಕ. ಮುಂದೆ ನಿಂತು ನಡೆಸಿದವರು ಡಾ. ಸಲೀಂ ಯೂಸುಫ್, ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಎಂಬಿಬಿಎಸ್ ಓದಿದವರು. ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ತಂಬಾಕು ಹೀಗೆ ಒಂಬತ್ತೇ ಕಾರಣಗಳು ಹೆಚ್ಚುಕಡಿಮೆ ಎಲ್ಲ ಹಾರ್ಟ್ ಅಟ್ಯಾಕ್‌ಗಳ ಹಿಂದಿದ್ದವು. ಬಿಪಿ ಮತ್ತು ಶುಗರ್ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು ಪೆಟ್ಟು ಕೊಡುತ್ತಿದ್ದವು. ತಂಬಾಕನ್ನು ಸೇದದೆ ಅಗಿದರೂ ಅಪಾಯ ಸುಮಾರು ಎರಡು ಪಟ್ಟು. ‘ನಮ್ಮ ಹೆಂಗಸರು ಬೀಡಿ ಸೇದಲ್ಲ ಬಿಡಿ’ ಅನ್ನುವವರು ಸಕಲೇಶಪುರದ ಯಾವುದಾದರೂ ಕಾಫಿ ತೋಟದಲ್ಲಿ ಹಣ್ಣು ಕೊಯ್ಯುವ ಹೊತ್ತಿಗೆ ಹೋಗಿ ನೋಡಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪಿನ ಚೂರು ಎಷ್ಟು ಜನರ ದವಡೆಯಲ್ಲಿರುತ್ತದೆ ಅಂತ ಗೊತ್ತಾಗುತ್ತದೆ.

ಈಗ ವಾಟ್ಸಾಪ್‌ನಲ್ಲಿ ಇನ್ನೊಂದು ತಪ್ಪು ಓಡಾಡುತ್ತಿದೆ: ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಆದರೆ ಎದೆನೋವೇ ಬರಲ್ಲವಂತೆ. ಸುಳ್ಳು. ಅವರಲ್ಲೂ ಎದೆನೋವೇ ಎಲ್ಲಕ್ಕಿಂತ ಸಾಮಾನ್ಯ ಲಕ್ಷಣ. ಆದರೆ ಅದರ ಜೊತೆ ಉಬ್ಬಸ, ವಾಕರಿಕೆ, ಬೆನ್ನು–ದವಡೆ ನೋವು, ಕಾರಣವಿಲ್ಲದ ಸುಸ್ತು ಹೆಚ್ಚು ಸೇರಿಕೊಂಡಿರುತ್ತವೆ. ಹೇಳುವವರು ಸುಸ್ತಿನಿಂದ ಶುರು ಮಾಡುತ್ತಾರೆ, ಕೇಳುವವರು ಅಲ್ಲಿಗೇ ನಿಲ್ಲಿಸುತ್ತಾರೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುತ್ತಾರೆ. ಒಳ್ಳೆಯ ಯೋಜನೆ. ಆದರೆ ಹೆಂಗಸನ್ನು ಇಸಿಜಿ ಮೆಷಿನ್ ತನಕ ಕರೆದುಕೊಂಡು ಹೋಗುವವರು ಬೇಕಲ್ವಾ?

ಹಾಸನದಲ್ಲಿ ಚಿಕ್ಕಮ್ಮನನ್ನು ನೋಡಿದ ಡಾಕ್ಟರಮ್ಮ ಕೇಳಿದ ಒಂದು ಪ್ರಶ್ನೆ ನಮಗೆ ವಿಚಿತ್ರ ಅನ್ನಿಸಿತ್ತು. ‘ಬಸುರಿಯಾಗಿದ್ದಾಗ ಬಿಪಿ ಜಾಸ್ತಿ ಆಗಿತ್ತಾ?’ ಗರ್ಭಿಣಿಯಲ್ಲಿ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ತೊಂದರೆ ಆದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ಬಸುರಿನ ಸಮಯದ ಶುಗರ್ ಕೂಡ ಅಂಥದ್ದೇ ಸೂಚನೆ. ಅಮೆರಿಕದ ಹೃದಯ ಸಂಘ ಇವನ್ನು ಹೆಂಗಸರ ಅಪಾಯದ ಪಟ್ಟಿಗೆ ಸೇರಿಸಿದ್ದು 2011ರಲ್ಲಿ.

ಚಿಕ್ಕಮ್ಮ ಸ್ವಲ್ಪ ಹೊತ್ತು ಯೋಚಿಸಿದರು. ‘ಎರಡನೆಯವನ ಟೈಮಲ್ಲಿ ಕಾಲು, ಮುಖ ಎಲ್ಲ ಊದಿಕೊಂಡು ತಲೆ ಸಿಡೀತಿತ್ತು. ಉಪ್ಪು ಕಡಿಮೆ ಮಾಡು ಅಂದಿದ್ರು. ಹೆರಿಗೆ ಆದ್ಮೇಲೆ ಯಾರೂ ಬಿಪಿ ನೋಡ್ಲಿಲ್ಲ’ ಅಂದರು. ಆ ಎರಡನೆಯವನಿಗೆ ಈಗ ಮೂವತ್ತಮೂರು. ಆಸ್ಪತ್ರೆಯ ಬಿಲ್ ಕಟ್ಟಲು ಕ್ಯೂನಲ್ಲಿ ನಿಂತಿದ್ದ.