ತಿರುಮಲಾಂಬ ಬರೆಯೋದು ನಿಲ್ಲಿಸಿದ್ದು ಯಾಕೆ?

ನಂಜನಗೂಡು ತಿರುಮಲಾಂಬ ಅಂದ ಕೂಡಲೇ ಬರುವ ಮಾತು ಒಂದೇ: ಯಾವುದೋ ವಿಮರ್ಶೆಗೆ ನೊಂದು ಬರೆಯೋದು ಬಿಟ್ಟ ಲೇಖಕಿ. ಅದು ನಿಜ ಅನ್ನುವವರಿದ್ದಾರೆ. ಅಷ್ಟೇ ಅಲ್ಲ ಅನ್ನುವವರೂ ಇದ್ದಾರೆ. ಮೊದಲಿಂದ ನೋಡೋಣ.

ಹುಟ್ಟಿದ್ದು 1887ರಲ್ಲಿ. ಹತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ಗಂಡ ಪ್ಲೇಗಿನಲ್ಲಿ ತೀರಿಕೊಂಡರು. ತವರಲ್ಲೇ ಉಳಿದ ಮಗಳನ್ನು ವಕೀಲರಾಗಿದ್ದ ತಂದೆ ಮೂಲೆಗೆ ಕೂರಿಸಲಿಲ್ಲ, ಓದಿಸಿದರು.

1913ಕ್ಕೆ ಬರೋಣ. ನಾನು ಮತ್ತೆ ಮತ್ತೆ ನೆನೆಯುವ ವರ್ಷ ಇದು. 26ರ ವಿಧವೆ, ಕಪಿಲೆ ದಡದ ಪುಟ್ಟ ಊರು. ಅಲ್ಲಿಂದ ‘ಸತೀಹಿತೈಷಿಣೀ’ ಗ್ರಂಥಮಾಲೆ ಶುರುವಾಯಿತು. ಮೊದಲ ಪುಸ್ತಕ ಅವರದೇ ಕಾದಂಬರಿ ‘ಸುಶೀಲೆ’. ಬರೆಯುವವರೂ ಅವರೇ, ಹೊರತರುವವರೂ ಅವರೇ. ಬಿಡುವಾದಾಗ ಅಕ್ಕಪಕ್ಕದ ಹೆಂಗಸರನ್ನು ಮನೆಗೆ ಕರೆದು ಪಾಠ ಹೇಳುತ್ತಿದ್ದರು. ಕೆಲವೇ ವರ್ಷಕ್ಕೆ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ಹೊರಡಿಸಿದರು. ಆಗ ಹೆಂಗಸರು ಹೋಗಿ ಕೂತು ಓದೋ ಜಾಗ ಎಲ್ಲಿತ್ತು ಹೇಳಿ? ಹೊಸಿಲು ದಾಟಲಾಗದವರ ಹತ್ತಿರ ಪುಸ್ತಕವೇ ಹೋಗಬೇಕಿತ್ತು. ಇಂಥ ಪುಸ್ತಕಮಾಲೆಯೇ ಅವರ ಪಾಲಿನ ಲೈಬ್ರರಿ.

ಅವರ ಕಥೆಗಳಲ್ಲಿ ಪತಿವ್ರತೆಯರೇ ಜಾಸ್ತಿ, ಇದು ಇವತ್ತಿನ ಓದುಗರಿಗೆ ಹಿಡಿಸೋದಿಲ್ಲ. ಒಪ್ಪುತ್ತೇನೆ. ಆದರೆ ಆ ಸೆರಗಿನ ಮರೆಯಲ್ಲೇ ಹೆಣ್ಣು ಓದಬೇಕು ಅನ್ನೋ ಮಾತು ಮನೆಯೊಳಗೆ ನುಗ್ಗಿತು, ಅಲ್ವಾ? ಗಂಡಸರು ತಡೆಯದ ಪುಸ್ತಕ ಮಾತ್ರ ಅಡುಗೆಮನೆ ತಲುಪುತ್ತಿದ್ದ ಕಾಲ ಅದು.

ಆಮೇಲೆ ನವೋದಯ ಅನ್ನೋ ಹೊಸ ಸಾಹಿತ್ಯ ಚಳವಳಿ ಬಂತು, ಕನ್ನಡ ಗದ್ಯದ ರುಚಿ ಬದಲಾಯಿತು. ಅವರ ಸಂಸ್ಕೃತ ಬೆರೆತ ಶೈಲಿ ಹಳೆಯದಾಗಿ ಕಂಡಿತು. ಕಟುವಾದ ವಿಮರ್ಶೆಯೂ ಬಂತು. ವಿಮರ್ಶೆ ಯಾರಿಗೆ ಬಂದಿಲ್ಲ? ಬೇರೆಯವರಿಗೆ ಜೊತೆಗೆ ಗೆಳೆಯರ ಬಳಗವಿತ್ತು, ಕಾಲೇಜಿತ್ತು, ಸಭೆಯಿತ್ತು. ಇವರಿಗೆ ಇದ್ದದ್ದು ಮನೆಯೊಳಗಿನ ಓದುಗರು, ಅವರ ಅಭಿಪ್ರಾಯ ಯಾವ ಪತ್ರಿಕೆಯಲ್ಲೂ ಅಚ್ಚಾಗುತ್ತಿರಲಿಲ್ಲ. ನನಗೆ ಕಾರಣ ಇಲ್ಲೇ ಇದೆ ಅನಿಸುತ್ತದೆ.

ಅವರು ಮದರಾಸಿಗೆ ಹೋದರು. ಹಲವು ದಶಕ ಕನ್ನಡಿಗರು ವಿಚಾರಿಸಲೇ ಇಲ್ಲ. ಕೊನೆಗೆ ಬೆಂಗಳೂರಿನ ಕಾಲೇಜೊಂದರ ಪ್ರಾಂಶುಪಾಲೆ ಸಿ.ಎನ್. ಮಂಗಳಾ ಹುಡುಕಿಕೊಂಡು ಹೋದಾಗ, ಆ ಹಿರಿಯಜ್ಜಿ ಇನ್ನೂ ಬದುಕಿದ್ದರು. 1982ರಲ್ಲಿ ತೀರಿಕೊಂಡಾಗ ವಯಸ್ಸು 95.