ನೀರು ಬಿಸಿಯಾದರೆ ಮೀನಿಗೆ ಒತ್ತಡ ಯಾಕೆ? ಆಮ್ಲಜನಕದ ಲೆಕ್ಕ

ಮೀನು ಶೀತರಕ್ತ ಪ್ರಾಣಿ. ನೀರು ಎಷ್ಟು ಬಿಸಿಯೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಇದು ಎಲ್ಲರಿಗೂ ಗೊತ್ತು, ಹಾಗಾಗಿ ನೇರ ಕಷ್ಟದ ಜಾಗಕ್ಕೆ ಬರೋಣ.

ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಗಾಳಿಯಿಂದ ಪೂರ್ತಿ ತುಂಬಿಕೊಂಡ ಸಿಹಿನೀರಿನಲ್ಲಿ, 20 ಡಿಗ್ರಿ ಸೆಲ್ಸಿಯಸ್‌ಗೆ ಲೀಟರಿಗೆ ಸುಮಾರು 9.1 ಮಿಲಿಗ್ರಾಂ, 30 ಡಿಗ್ರಿಗೆ 7.6. ಇಳಿದದ್ದು ಆರನೇ ಒಂದು ಪಾಲು, ಅಷ್ಟೇ. ಇಷ್ಟಕ್ಕೇ ಮೀನು ಯಾಕೆ ಒದ್ದಾಡಬೇಕು? ನಾನು ತುಂಬಾ ಹೊತ್ತು ನಿಂತದ್ದು ಇಲ್ಲೇ.

ಉತ್ತರ ಇರುವುದು ಬೇಡಿಕೆಯಲ್ಲಿ. 10 ಡಿಗ್ರಿ ಏರಿದರೆ ಸುಮ್ನೆ ನಿಂತ ಮೀನಿಗೂ ಆಮ್ಲಜನಕ ಸುಮಾರು ಎರಡರಷ್ಟು ಬೇಕು (ಜಾತಿಯಿಂದ ಜಾತಿಗೆ ವ್ಯತ್ಯಾಸ ಇದೆ). ಲೆಕ್ಕಕ್ಕಾಗಿ, 20 ಡಿಗ್ರಿಯಲ್ಲಿ ಗಂಟೆಗೆ 100 ಮಿಲಿಗ್ರಾಂ ಬೇಕಾದ ರೋಹು ಒಂದಿದೆ ಎಂದುಕೊಳ್ಳಿ. ನೀರಿನಲ್ಲಿದ್ದದ್ದನ್ನೆಲ್ಲ ಹೀರಿಕೊಂಡರೂ 11 ಲೀಟರ್ ನೀರು ಕಿವಿರಿನ ಮೂಲಕ ಹಾಯಬೇಕು. 30 ಡಿಗ್ರಿಯಲ್ಲಿ ಬೇಕಾದದ್ದು 200 ಮಿಲಿಗ್ರಾಂ, ಲೀಟರಿಗೆ ಸಿಗುವುದು 7.6. ಅಂದರೆ 26 ಲೀಟರ್! ಎರಡೂವರೆ ಪಟ್ಟಿಗೆ ಹತ್ತಿರ. ನಿಜದಲ್ಲಿ ಮೀನು ಎಲ್ಲವನ್ನೂ ಹೀರಲಾರದು, ಆದ್ದರಿಂದ ಲೀಟರುಗಳು ಇನ್ನೂ ಜಾಸ್ತಿ. ಇನ್ನೊಂದು ಮಾತು: ನೀರು ಗಾಳಿಯ ಹಾಗೆ ಹಗುರವಲ್ಲ. ಅದನ್ನು ತಳ್ಳುವ ಸ್ನಾಯುಗಳಿಗೂ ಆಮ್ಲಜನಕ ಬೇಕು.

ಆಮ್ಲಜನಕ ಅಳೆಯುವ ಮೀಟರಿನಲ್ಲಿ ಶೇಕಡಾ (ಆ ಬಿಸಿಯಲ್ಲಿ ಕರಗಬಲ್ಲದ್ದರಲ್ಲಿ ಎಷ್ಟು ಪಾಲು ಇದೆ ಎಂಬುದು) ಮಾತ್ರ ನೋಡಿದರೆ ಇದು ಕಾಣುವುದೇ ಇಲ್ಲ. ಮೇಲಿನ ಎರಡೂ ನೀರಿಗೆ ಅದು 100 ಅಂತಲೇ ತೋರಿಸುತ್ತದೆ. ಮಿಲಿಗ್ರಾಂ ಕೂಡ ಬರೆದುಕೊಳ್ಳಿ.

ಈ ಒತ್ತಡಕ್ಕೆ ಮೀನಿನ ಮೈ ಹಾರ್ಮೋನಿನ ಮೂಲಕವೂ ಉತ್ತರ ಕೊಡುತ್ತದೆ: ಮಿದುಳಿನ ಹೈಪೋಥಲಾಮಸ್ ಎಂಬ ಭಾಗ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಅಲ್ಲಿಂದ ಎಸಿಟಿಎಚ್ ಎಂಬ ಹಾರ್ಮೋನು ಹೊರಟು ಮೂತ್ರಪಿಂಡದ ತಲೆಭಾಗಕ್ಕೆ ಬರುತ್ತದೆ, ಅಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಬಿಡುಗಡೆ. ನಮಗೆ ಕಾರ್ಟಿಸಾಲ್ ಕೊಡುವಂಥ ಪ್ರತ್ಯೇಕ ಅಡ್ರಿನಲ್ ಗ್ರಂಥಿ ಮೀನಿಗಿಲ್ಲ. ಸ್ವಲ್ಪ ಹೊತ್ತಿಗಾದರೆ ಕಾರ್ಟಿಸಾಲ್ ಒಳ್ಳೆಯದೇ, ರಕ್ತಕ್ಕೆ ಗ್ಲೂಕೋಸ್ ಒದಗಿಸುತ್ತದೆ. ವಾರಗಟ್ಟಲೆ ಏರಿಯೇ ಇದ್ದರೆ ಹಸಿವು, ಬೆಳವಣಿಗೆ, ರೋಗನಿರೋಧಕ ಶಕ್ತಿ ಎಲ್ಲ ಕುಗ್ಗುತ್ತವೆ. ಅದೇ ಬಿಸಿಗೆ ಎಷ್ಟೋ ಪರಾವಲಂಬಿಗಳು ಬೇಗ ಬೆಳೆಯುತ್ತವೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಈ ಜೋಡಿಯೇ.

ಕೊಳದಲ್ಲಿ ಇದೆಲ್ಲ ಕಣ್ಣಿಗೆ ಬೀಳುವುದು ಬೆಳಗಿನ ಜಾವ. ರಾತ್ರಿ ಪಾಚಿ ಆಮ್ಲಜನಕ ತಯಾರಿಸುವುದಿಲ್ಲ, ಬಳಸುತ್ತದೆ. ಸೂರ್ಯ ಹುಟ್ಟುವ ಮುಂಚೆ ಕಾಟ್ಲಾ, ರೋಹು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಹಾಕಿ. ಆಗ ಮೇವು ಮಾತ್ರ ಬೇಡ. ತಿಂದದ್ದು ಅರಗಲೂ ಆಮ್ಲಜನಕ ಬೇಕು, ಅಲ್ವಾ?